ನಮ್ಮ ಮಾಮಾನ ಪೋಕರಿ ಪಂದ್ಯ

ನಮ್ಮ ಸೋದರಮಾವ ಈ ಜಗತ್ತಿನಲ್ಲಿ ನಂಬುತ್ತಿದ್ದುದು ಒಂದನ್ನೇ: ತೂಕದ ಕಾಟಾ. ಅದನ್ನೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಪರೀಕ್ಷಿಸಿಯೇ ನಂಬುತ್ತಿದ್ದರು! ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಭತ್ತ ತೂಗಿದವರು. ಚೀಲದಲ್ಲಿ ಕಲ್ಲು ಹುಡುಕಿ ಹುಡುಕಿ, ನಿವೃತ್ತರಾದ ಮೇಲೆ ಮನುಷ್ಯರಲ್ಲಿ ಹುಡುಕತೊಡಗಿದರು. ಇಂಥವರು ಮನೆಗೆ ಜನರನ್ನು ಕರೆದು ಇಸ್ಪೀಟಿನ ಪಂದ್ಯ ನಡೆಸಿದರೆ ಹೇಗಿರುತ್ತದೆ, ಹೇಳಿ?

ನಾನು ಕಂಡಷ್ಟನ್ನೇ ಹೇಳುತ್ತೇನೆ. ನಾನು ಲಿಂಗಸುಗೂರಿನಲ್ಲಿ ಜಮೀನು ಅಳೆಯುವವನು. ಒಂದು ಗೇಣು ಹೆಚ್ಚು ಹೇಳಿದರೂ ಅಣ್ಣತಮ್ಮಂದಿರು ಕೊಡಲಿ ಹುಡುಕುವ ಕೆಲಸ ನನ್ನದು. ಆ ಕಾರಣಕ್ಕೇ ಮಾಮಾ ನನ್ನನ್ನು ಪಂದ್ಯದ ಪಂಚನನ್ನಾಗಿ ಮಾಡಿದ್ದು. ನಾನು ಆಡುವಂತಿಲ್ಲ, ನೋಡಬೇಕು, ತಕರಾರು ಬಂದರೆ ತೀರ್ಪು ಹೇಳಬೇಕು.

ಮಾಮಾ ಪೋಕರ್ ಕಲಿತದ್ದು ಮೊಬೈಲಿನಲ್ಲಿ. ಕೈಯಲ್ಲಿ ಎರಡು ಎಲೆ, ನಡುವೆ ಬಿಚ್ಚಿಟ್ಟ ಐದು ಎಲೆ. ಎರಡನ್ನೂ ಕೂಡಿಸಿ ಯಾರದು ದೊಡ್ಡ ಜೋಡಣೆಯೋ ಅವರು ಗೆದ್ದಂತೆ. ರೊಕ್ಕದ ಮಾತಿಲ್ಲ, ಪಣಕ್ಕೆ ಹುಣಸೆಬೀಜ. ಬಾಗಿಲು ಮುಚ್ಚಿ ಆಡಿದರೆ ಓಣಿಯವರು ಶಕ್ ಪಡುತ್ತಾರೆಂದು ಹೊರಗೊಂದು ಬ್ಯಾನರ್ ಬೇರೆ ಮಾಡಿಸಿದರು. ಅದನ್ನು ಮಾಡಿದವನು ಪೋಕರ್ ಎಂಬ ಹೆಸರನ್ನೇ ಕೇಳಿದವನಲ್ಲ. ಮಾಮಾ ಅಕ್ಷರ ತಪ್ಪಿದ್ದಾರೆಂದು ತಿಳಿದು, ಪಾಪ, ತಾನೇ ತಿದ್ದಿಕೊಟ್ಟ: ‘ಸ್ನೇಹಿತ ಪೋಕರಿಗಳ ಪಂದ್ಯ. ಸರ್ವರಿಗೂ ಆದರದ ಸ್ವಾಗತ.’

ಅತ್ತೆ ಅದನ್ನು ನಿಧಾನವಾಗಿ ಓದಿದರು. “ಇರಲಿ ಬಿಡ್ರಿ, ಅಂವ ಖರೇನ ಬರದಾನ” ಎಂದರು.

ಆಡುವವರು ನಾಲ್ವರು: ಮಾಮಾ, ಅತ್ತೆ, ಪಕ್ಕದ ಮನೆಯ ನಿವೃತ್ತ ಮಾಸ್ತರು, ಮಸ್ಕಿಯಿಂದ ಬಸ್ಸಿನಲ್ಲಿ ಬರುವ ಟೇಲರ್ ಕಾಕಾ. ಕಾಕಾ ಮಾಮಾನ ಚಡ್ಡಿ ದೋಸ್ತ್. ವರ್ಷದ ಹಿಂದೆ ಅಂಗಡಿ ಮುಚ್ಚಿದ್ದರು. “ಮಷೀನ್ ಕೊಟ್ಟಬಿಟ್ಟೀನಿ. ನನಗ ವಾರದಾಗ ಐತವಾರ ಒಂದ ಉಳದೈತಿ ನೋಡ್ರಿ” ಎಂದು ನಗುತ್ತಿದ್ದರು.

ಪಂದ್ಯ ಪ್ರತಿ ಭಾನುವಾರ. ಆ ದಿನದ ಬಂದೋಬಸ್ತ್ ಕೇಳಿ! ಪಡಸಾಲೆಯ ಕನ್ನಡಿ ಗೋಡೆಗೆ ಮುಖ ಮಾಡಿತು. ಸ್ಟೀಲ್ ಲೋಟದಲ್ಲಿ ಎಲೆ ಕಾಣುತ್ತದೆಂದು ಚಹಾ ಪಿಂಗಾಣಿ ಕಪ್ಪಿಗೆ ಬಂತು. ಹೊರಗಿನಿಂದ ಬೀಜ ತಂದು ಸೇರಿಸಿಯಾರೆಂದು ಪ್ರತಿ ಬೀಜಕ್ಕೂ ಸುಣ್ಣದ ಚುಕ್ಕೆ ಬಿತ್ತು. ಒಮ್ಮೆ ಮಾಸ್ತರ ಮುಂದಿನ ಬೀಜ ಕಡಿಮೆಯಾಗಿ ದೊಡ್ಡ ಗದ್ದಲವೇ ಆಯಿತು. ಕೊನೆಗೆ ಮಾಸ್ತರು ಬಾಯಿ ಒರೆಸಿಕೊಂಡು, “ಹುರದ ಬೀಜ ಇಟ್ಟರ ಯಾರು ಬಿಡತಾರ್ರಿ?” ಎಂದರು. ಅತ್ತೆ ಡಬ್ಬಿ ಅದಲುಬದಲು ಮಾಡಿದ್ದರು!

ಇನ್ನೊಂದು ವಾರ ಅತ್ತೆ ಎರಡು ಸಲ ಕೆಮ್ಮಿದರು. ಅದು ಮಾಸ್ತರಿಗೆ ಸನ್ನೆ ಎಂದು ಮಾಮಾ ಆಟ ನಿಲ್ಲಿಸಿದರು.

“ನಲವತ್ತು ವರ್ಷ ಸಂಸಾರ ಮಾಡೀನಿ, ನನ್ನ ಒಂದು ಸನ್ನಿ ನಿಮಗ ತಿಳದಿಲ್ಲ. ಮಾಸ್ತರಿಗೆ ಹೆಂಗ ತಿಳೀತೈತ್ರಿ?” ಎಂದರು ಅತ್ತೆ. ಪಂಚನಾಗಿ ನಾನು ಅತ್ತೆಯ ವಾದವನ್ನು ಎತ್ತಿಹಿಡಿದೆ.

ಮಾಸ್ತರು ಸಿಟ್ಟಾದದ್ದು ಕನ್ನಡಕದ ದಿನ. ಅದರ ಗಾಜಿನಲ್ಲಿ ಎಲೆ ಕಾಣುತ್ತದೆಂದು ಮಾಮಾ ತೆಗೆಸಿದರು. ಮಾಸ್ತರು ಎಲೆಯನ್ನು ಮೂಗಿಗೆ ತಾಗಿಸಿಕೊಂಡೇ ಆಡಿ ಮುಗಿಸಿ, ಎದ್ದು ನಿಂತರು. “ಇಷ್ಟು ದಿನ ನೀವು ನಮ್ಮನ್ನ ತಪಾಸ್ ಮಾಡಿದ್ರಿ. ನಿಮ್ಮ ಕಡೆ ಒಂದು ಕಳ್ಳಾಟ ಸಿಕ್ಕರ ನಾ ಈ ಹೊಸ್ತಿಲ ತುಳಿಯಂಗಿಲ್ಲ. ಆಟ ಅವತ್ತಿಗೆ ಬಂದ್!”

ಟೇಲರ್ ಕಾಕಾರ ನಗು ಆಗ ನಿಂತದ್ದನ್ನು ನಾನು ನೋಡಿದೆ.

ಅಂದಿನಿಂದ ಮಾಮಾನ ರೋಗ ನನಗೂ ತಗುಲಿತು. ಮಾಸ್ತರ ಕನ್ನಡಕ ತೆಗೆಸಿದವರು ಕಾಕಾರ ಕಪ್ಪು ಕನ್ನಡಕವನ್ನೇಕೆ ಬಿಟ್ಟರು? ನಡುವಿನ ಐದು ಎಲೆ ಎಲ್ಲರ ಎದುರಿಗೇ ಇರುವಾಗ, “ಇಸ್ಪೀಟ್ ಎಕ್ಕ! ಕಳಾವರ್ ಗುಲಾಮ!” ಎಂದು ಒಂದೊಂದನ್ನೂ ಕೂಗುವುದೇಕೆ? ಕೇಳಿದರೆ, “ಆಮ್ಯಾಲೆ ಯಾರೂ ಬದಲಿ ಮಾಡಬಾರದಲೇ” ಎನ್ನುತ್ತಿದ್ದರು. ಪ್ರತಿ ವಾರ ಬಸ್ ಸ್ಟ್ಯಾಂಡಿಗೆ ತಾವೇ ಹೋಗಿ, ಕಾಕಾರ ಮಣಿಕಟ್ಟು ಹಿಡಿದು, ಪೊಲೀಸರು ಕಳ್ಳನನ್ನು ತರುವಂತೆ ತರುತ್ತಿದ್ದರು. ಅದಕ್ಕೂ ಉತ್ತರ ಸಿದ್ಧ: “ದಾರ್‍ಯಾಗ ಯಾರ ಜೋಡಿ ಸಂಚು ಮಾಡತಾನೋ ಯಾರಿಗ್ಗೊತ್ತು!”

ಒಂದು ಐತವಾರ ಮಧ್ಯಾಹ್ನ ಮಾಮಾ ಎಲೆ ಕಲಸುವಾಗ ಒಂದು ಎಲೆ ಜಾರಿ ನನ್ನ ಕಾಲ ಬಳಿ ಬಿತ್ತು. ಎತ್ತಿಕೊಂಡೆ. ಆಟೀನ್ ರಾಣಿ. ಬಾಗಿಲ ಬಿಸಿಲು ಅದರ ಮೂಲೆಯಿಂದ ತೂರಿ ನನ್ನ ಅಂಗೈ ಮೇಲೆ ನಾಲ್ಕು ಚುಕ್ಕಿಯಾಗಿ ಬಿತ್ತು. ಮೂರು ಸಲ ಎಣಿಸಿದೆ, ನಾಲ್ಕೇ. ಸೂಜಿಯ ತೂತು. ಗುರುತು ಮಾಡಿದ ಎಲೆ! ಜಗತ್ತನ್ನೆಲ್ಲ ಶಂಕಿಸಿದ ಮನುಷ್ಯನ ಕೈಯಿಂದ ಬಿದ್ದದ್ದು!

ಮಾಸ್ತರು ನನ್ನ ಮುಖ ನೋಡಿದರು. “ಯಾಕ್ರಿ ಪಂಚರ, ಏನಾತು?”

“ಒಂದು ನಿಮಿಷ” ಎಂದು ಮಾಮಾನನ್ನು ಅಡುಗೆಮನೆಗೆ ಕರೆದೆ. ಎಲೆಯನ್ನು ಬೆಳಕಿಗೆ ಹಿಡಿದೆ. “ಇದೇನ್ರಿ ಮಾಮಾ?”

ಮಾಮಾ ಒದ್ದೆ ಭತ್ತ ತಂದು ಸಿಕ್ಕಿಬಿದ್ದ ಲಾರಿಯವನಂತೆ ನಿಂತರು. “ಮೆಲ್ಲಕ ಮಾತಾಡಲೇ. ನಮ್ಮ ಟೇಲರಗ ಕಣ್ಣು ಹೋಗ್ಯಾವ. ಮಂದಿ ನೆರಳಿನಂಗ ಕಾಣತಾರಂತ, ಎಲಿ ಮ್ಯಾಲಿನ ಗುರ್ತು ಕಾಣಂಗಿಲ್ಲ. ಯಾರಿಗೂ ಹೇಳಬ್ಯಾಡ ಅಂದಾನ. ಮಂದಿ ಅಯ್ಯೋ ಪಾಪ ಅಂದ್ರ ಅವತ್ತಿಂದ ಬರಂಗಿಲ್ಲ ಅಂವ.”

“ಈ ತೂತು?”

“ಅಂವನ ಸೂಜೀಲೇ ಐವತ್ತೆರಡೂ ನಾನ ಚುಚ್ಚೀನಿ. ಹೆಬ್ಬಟ್ಟಿಲೆ ಓದಕೋತಾನ.”

ರೋಗ ತಗುಲಿತ್ತಲ್ಲ, ಕೇಳಿಯೇಬಿಟ್ಟೆ: “ಹಂಚೋರು ನೀವು. ನೀವೂ ಓದಬಹುದಲ್ರಿ?”

ಮಾಮಾ ತಮ್ಮ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದರು. ಒಣಗಿದ ತೊಗಲಿನಂತಿತ್ತು. “ಮೂವತ್ತು ವರ್ಷ ಚೀಲ ಎಳದ ಹೆಬ್ಬಟ್ಟಲೇ ಇದು. ಕೆಂಡ ಇಟ್ಟರೂ ಗೊತ್ತಾಗಂಗಿಲ್ಲ.”

ಹೊರಗೆ ಬಂದೆ. ಕಾಕಾ ತಲೆ ತಗ್ಗಿಸಿ ಕುಳಿತಿದ್ದರು. ಎರಡೂ ಕೈ ತೊಡೆಯ ಮೇಲಿದ್ದವು. ಮಾಸ್ತರು ಆಗಲೇ ಎದ್ದು ಚಪ್ಪಲಿಯ ಕಡೆ ನೋಡುತ್ತಿದ್ದರು. “ಎಲಿ ಸರಿ ಅದಾವೋ ಇಲ್ಲೋ? ಹೇಳ್ರಿ!”

“ಸರಿ ಅದಾವ್ರಿ” ಎಂದೆ. ಗೊತ್ತಿದ್ದೂ ಗಡಿಕಲ್ಲು ಸರಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಮಾಸ್ತರು ಕುಳಿತರು. ಆಟ ನಡೆಯಿತು.

ಸಂಜೆ ಕಾಕಾರನ್ನು ಬಸ್ಸಿಗೆ ಬಿಡಲು ನಾನೇ ಹೊರಟೆ. ಮೆಟ್ಟಿಲಿಳಿಯುವಾಗ ಮಾಮಾ ಹಿಡಿಯುವ ಹಾಗೆಯೇ ಅವರ ಮಣಿಕಟ್ಟು ಹಿಡಿದೆ. ಕಾಕಾ ಒಂದು ಕ್ಷಣ ನಿಂತರು.

“ಏನ್ ತಮ್ಮಾ, ನಿನಗೂ ನನ್ನ ಮ್ಯಾಲ ಶಕ್ ಬಂತೇನು?”

“ಹೌದ್ರಿ ಕಾಕಾ. ಎಲ್ಲಿ ತಪ್ಪಿಸಿಕೊಂಡು ಹೋಗತೀರೋ ಅಂತ.”

ಅವರು ಕಾಲಿನಿಂದ ಮುಂದಿನ ಮೆಟ್ಟಿಲು ಹುಡುಕಿಕೊಂಡು, ಆಮೇಲೆ ಹೇಳಿದರು:

“ಹಂಗಾದರ ಗಟ್ಟಿ ಹಿಡಿ.”