ಉಗುರಿಗೆ ಕೆಂಪು ಮರಳುವವರೆಗೆ

ಬನಹಟ್ಟಿಯ ನಮ್ಮ ಸೋದರಮಾವನಿಗೆ ಮನುಷ್ಯರ ಮುಖಕ್ಕಿಂತ ಇಲಿಗಳ ಕಿವಿಯೇ ಹೆಚ್ಚು ಪರಿಚಿತ! ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ನನ್ನ ಗುರುತು ಸಿಗದೆ ದಾಟಿಹೋದವರು, ಕಿವಿ ಕಂಡು ಹಿಂದಿರುಗಿದರು: "ತಮ್ಮಾ, ಕಿವಿ ಯಾಕೋ ಬೆಳ್ಳಗಾಗ್ಯಾವು? ರೊಟ್ಟಿ ತಿಂತೀಯೋ ಇಲ್ಲೋ?"

ತಪ್ಪು ಅವರದಲ್ಲ. ಪುಣೆಯ ಕಡೆಯ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ, ಬಿಳಿ ಇಲಿಗಳನ್ನು ವಿಕಿರಣದ ಕೋಣೆಗೆ ಒಯ್ದು ತಂದವರು. ಅವು ಎಷ್ಟು ತಿಂದವು, ಎಷ್ಟು ಓಡಾಡಿದವು, ಕಿವಿಯಲ್ಲಿ ರಕ್ತ ಹೇಗೆ ಹರಿಯುತ್ತಿದೆ, ಎಲ್ಲವನ್ನೂ ಬರೆದಿಟ್ಟವರು. ಆ ಮೂಕಪ್ರಾಣಿಗಳನ್ನು ಪಂಜರದಲ್ಲಿ ತುರುಕುತ್ತಿದ್ದುದು ಒಂದು ಅನ್ಯಾಯ. ಬಾಗಿಲ ಮೇಲಿನ ಎಚ್ಚರಿಕೆ ಇವರಿಗೆ ಓದಲು ಬಾರದ ಇಂಗ್ಲಿಷಿನಲ್ಲಿದ್ದುದು ಇನ್ನೊಂದು. ವಿಜ್ಞಾನಿಗಳ ಎದೆಯ ಮೇಲೆ ವಿಕಿರಣ ಅಳೆಯುವ ಬಿಲ್ಲೆ, ಪಂಜರ ಹೊರುವ ಮಾವನ ಎದೆಯ ಮೇಲೆ ಬರಿಯ ಅಂಗಿಯ ಗುಂಡಿ! ಇದಕ್ಕೆ ಏನೆನ್ನಬೇಕು?

ಅವರು ನಿವೃತ್ತರಾಗಿ ಬಂದ ಮೇಲೆ ಅತ್ತೆಯ ಎದೆಯಲ್ಲಿ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಯ ನಂತರ, ಮಿರಜದ ಆಸ್ಪತ್ರೆಯಲ್ಲಿ ಇಪ್ಪತ್ತೈದು ದಿನ 'ಕರೆಂಟು' ಕೊಡಿಸಬೇಕೆಂದರು ಡಾಕ್ಟರು. ವಿಕಿರಣ ಚಿಕಿತ್ಸೆಗೆ ನಮ್ಮಲ್ಲಿ ಅದೇ ಹೆಸರು. ಆ ಕೋಣೆಗೆ ಹೋಗಿಬಂದ ಇಲಿಗಳು ದಣಿದು, ಸೊರಗಿ ಸತ್ತದ್ದನ್ನು ಕಂಡವರು ಮಾವ.

ಅಂದಿನಿಂದ ಹಳೆಯ ನೌಕರಿ ಮನೆಯಲ್ಲೇ ಶುರು! ನೋಟುಬುಕ್ಕಿನಲ್ಲಿ ಬರೆದರು: 'ರೊಟ್ಟಿ ಒಂದೂವರೆ. ಓಡಾಟ, ಕಟ್ಟೆಯವರೆಗೆ. ವರ್ತನೆ: ಮೂರು ಸಲ ಬೈದಳು. ಉತ್ತಮ.' ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಗಂಟೆಗೊಮ್ಮೆ ಅತ್ತೆಯ ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟು, ಕೆಂಪು ಮರಳುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದರು.

"ಇಲಿಗತೆ ಕಿವಿ ಹಿಡದು ನೋಡ್ಲಿಲ್ಲಲ್ಲ, ನನ್ನ ಪುಣ್ಯಾ!" ಎಂದರು ಅತ್ತೆ.

"ನೀ ಮಲಗಿದಾಗ ನೋಡೀನಿ."

ಹನ್ನೆರಡನೆಯ ದಿನ ಅತ್ತೆ ಬೈಯಲಿಲ್ಲ. ದಣಿದು ಮಲಗಿಬಿಟ್ಟರು. ಮಾವ ಆಸ್ಪತ್ರೆಯ ಚೀಟಿಯನ್ನು ಮಡಚಿ ಕಿಸೆಗಿಳಿಸಿದರು. "ನಾಳಿಂದ ಹೋಗೂದು ಬ್ಯಾಡ."

ದಣಿವು ಸಹಜ, ನಡುವೆ ನಿಲ್ಲಿಸಿದರೆ ಗಡ್ಡೆ ಮರಳೀತು ಎಂದು ಡಾಕ್ಟರು ಹೇಳಿದ್ದನ್ನು ನಾನು ವಿವರಿಸಿದೆ. ಇಲಿಗಳ ಇಡೀ ಮೈಗೆ ವಿಕಿರಣ ಬಿಟ್ಟದ್ದು, ಅತ್ತೆಗೆ ಅಳೆದು ಒಂದೇ ಕಡೆ ಕೊಡುವುದು ಎಂದು ಭಾಷಣವನ್ನೇ ಬಿಗಿದೆ.

"ಅವಕ್ಕೂ ಹೀಂಗ ಸುರು ಆಗಿತ್ತೋ ತಮ್ಮಾ," ಎಂದರು ಮಾವ.

ಅತ್ತೆ ಕಣ್ಣು ತೆರೆದರು. "ಇಪ್ಪತ್ತು ವರ್ಷ ಆ ಖೋಲಿಗೆ ಹೋಗಿ ಬಂದೀರಿ. ನಿಮ್ಮನ್ನ ಯಾರರ ನೋಡ್ಯಾರೇನ್ರಿ? ತರ್ರಿ ಇಲ್ಲೆ ಕೈ."

ಮಾವನ ಉಗುರನ್ನು ಒತ್ತಿ ಬಿಟ್ಟರು. ಬಿಳುಪು ಕರಗಲು ಹೊತ್ತು ಹಿಡಿಯಿತು. ಇಷ್ಟು ಅನ್ಯಾಯಗಳನ್ನು ಎಣಿಸಿದ ನನಗೆ, ಆ ಕೈಯನ್ನು ನೋಡಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ನಾಳೆ ಇಬ್ರೂ ಹೋಗೂಣು. ನನಗ ಕರೆಂಟ್, ನಿಮಗ ತಪಾಸಣಿ. ನೀವು ಒಲ್ಲೆ ಅಂದ್ರ ನಾನೂ ಒಲ್ಲೆ."

ಮಾವ ಚೀಟಿಯನ್ನು ಕಿಸೆಯಿಂದ ತೆಗೆದು ಆಕೆಯ ದಿಂಬಿನ ಬಳಿ ಇಟ್ಟರು.

ಮರುದಿನ ಮಿರಜದಿಂದ ಮರಳಿದ ಮೇಲೆ, ನೋಟುಬುಕ್ಕಿನಲ್ಲಿ ಅತ್ತೆಯ ಅಕ್ಷರ ಕಂಡಿತು: 'ಇವರು: ರೊಟ್ಟಿ ಎರಡು. ಅಂಜಿಕಿ ಭಾಳ. ಬಸ್ಸಿನ್ಯಾಗ ದಾರಿತುಂಬ ನನ್ನ ಕೈ ಬಿಡಲಿಲ್ಲ.'