ಕಿವಿಯಲ್ಲಿ ಕೂತ ಮಾರ್ಗದರ್ಶಿ

ಮುಂಜಾವಿನಲ್ಲಿ ಕಣ್ಣು ತೆರೆಸಿ, ಮಂಡಿಗಳಲ್ಲಿ ಇನ್ನೂ ಮೆಟ್ಟಿಲೇರುವಷ್ಟು ತ್ರಾಣ ಉಳಿಸಿ, ಈ ಇಳಿವಯಸ್ಸಿನಲ್ಲಿ ಟೋಕಿಯೊ ಮಹಾನಗರವನ್ನು ತೋರಿಸಿದ ಶ್ರೀಹರಿಗೆ ಮೊದಲ ನಮಸ್ಕಾರ. ತನಗೆ ರಜೆ ಸಿಗದಿದ್ದರೂ ನನ್ನ ಪ್ರವಾಸಕ್ಕೆ ಏರ್ಪಾಟು ಮಾಡಿದ ಮಗಳು ಶುಭಾಳಿಗೂ, ಒಂದು ದಿನ ನನ್ನನ್ನು ಸಹಿಸಿಕೊಂಡ ಸಹಯಾತ್ರಿಕರಿಗೂ ಕೃತಜ್ಞತೆ ಸಲ್ಲಬೇಕು.

ಒಂಟಿತನವೆಂದರೆ ಸುತ್ತ ಜನರಿಲ್ಲದಿರುವುದು ಎಂದು ನಾನು ಬಹುಕಾಲ ಭಾವಿಸಿದ್ದೆ. ಟೋಕಿಯೊದ ಓಜಿಮಾ ಬಡಾವಣೆಯಲ್ಲಿರುವ ಮಗಳ ಮನೆಗೆ ಬಂದ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಂಡೆ. ಇಲ್ಲಿ ಜನರಿಗೇನೂ ಕೊರತೆಯಿಲ್ಲ. ಲಿಫ್ಟಿನಲ್ಲಿ ಸಿಕ್ಕವರೆಲ್ಲ ತಲೆಬಾಗಿ ವಂದಿಸುತ್ತಾರೆ, ಆಮೇಲೆ ಬಾಗಿಲನ್ನೇ ನೋಡುತ್ತ ನಿಲ್ಲುತ್ತಾರೆ. ರೈಲಿನಲ್ಲಂತೂ ಉಸಿರಾಟವೂ ಮೆಲ್ಲಗೆ. ಒಮ್ಮೆ ಅಭ್ಯಾಸಬಲದಿಂದ ನಾನು ಸಹಸ್ರನಾಮವನ್ನು ಕೊಂಚ ಗಟ್ಟಿಯಾಗಿ ಪಠಿಸಿದಾಗ ಪಕ್ಕದವರು ಅತ್ಯಂತ ವಿನಯದಿಂದ ಮುಂದಿನ ಬೋಗಿಗೆ ಹೊರಟುಹೋದರು. ಮಗಳೂ ಅಳಿಯನೂ ಬೆಳಗ್ಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಾರೆ. ಮೊಮ್ಮಗಳು ನನ್ನ ಕನ್ನಡವನ್ನೆಲ್ಲ ಶ್ರದ್ಧೆಯಿಂದ ಕೇಳಿಸಿಕೊಂಡು ಜಪಾನೀ ಭಾಷೆಯಲ್ಲಿ ಉತ್ತರಿಸುತ್ತಾಳೆ. ಜೀವಮಾನವೆಲ್ಲ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳಿದ ಬಾಯಿ ಇದು. ಅದಕ್ಕೆ ಊಟವೊಂದೇ ಕೆಲಸವೆಂದರೆ ಹೇಗೆ ತಡೆದೀತು?

“ಅಪ್ಪ, ಒಂದಿನ ಸಿಟಿ ಟೂರ್ ಮಾಡ್ಕೊಂಡು ಬನ್ನಿ. ಗೈಡ್ ಇಂಗ್ಲಿಷಲ್ಲೇ ಮಾತಾಡ್ತಾರೆ,” ಎಂದಳು ಶುಭಾ. ನೋಡುವ ಸ್ಥಳಗಳ ಹೆಸರನ್ನು ನಾನು ಕೇಳಲೇ ಇಲ್ಲ. ಮಾತಾಡುತ್ತಾರೆ ಎಂದಳಲ್ಲ, ಅಷ್ಟು ಸಾಕಾಗಿತ್ತು.

ಬಸ್ಸಿನಲ್ಲಿ ಮಾರ್ಗದರ್ಶಿ ಮಿಹೋ-ಸಾನ್ ಎಲ್ಲರ ಕೊರಳಿಗೂ ಪುಟ್ಟ ಯಂತ್ರವೊಂದನ್ನು ತೊಡಿಸಿ, ಕಿವಿಗೆ ಸಿಕ್ಕಿಸಿಕೊಳ್ಳಲು ಇಯರ್‌ಫೋನ್ ಕೊಟ್ಟಳು. ಅವಳು ಎಷ್ಟು ಮುಂದಿದ್ದರೂ ದನಿ ನಮ್ಮ ಕಿವಿಯೊಳಗೇ ಕೇಳಿಸುತ್ತಿತ್ತು. “ಇಲ್ಲಿ ಮೆಟ್ಟಿಲಿದೆ, ನಿಧಾನ. ದಣಿವಾಯಿತೇ? ನೀರು ಕುಡಿಯಿರಿ.” ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ವೇಗದಲ್ಲಿ ನಡೆಯುವಂಥವು. ಕುಶಲ ವಿಚಾರಿಸಿದವರಿಗೆ ಉತ್ತರ ಕೊಡದಿರುವುದು ಸಂಸ್ಕಾರವಲ್ಲ. ಆದ್ದರಿಂದ ಕೊರಳ ಯಂತ್ರವನ್ನು ತುಟಿಯ ಬಳಿ ಹಿಡಿದು, “ದಣಿವೇನಿಲ್ಲ ತಾಯಿ,” ಎಂದು ಪ್ರತಿಸಲವೂ ಅರಿಕೆ ಮಾಡಿಕೊಂಡೆ. ಅರಮನೆಯ ಕಂದಕದಲ್ಲಿ ಅವಳು ಹಂಸಗಳನ್ನು ತೋರಿಸಿದಾಗ, ಅವು ನೀರಿನಿಂದ ಹಾಲನ್ನು ಬೇರ್ಪಡಿಸುವ ವಿಷಯವನ್ನು ಸವಿಸ್ತಾರವಾಗಿ ನಿವೇದಿಸಿದೆ. ನಡುನಡುವೆ ಅವಳು ಬಾಯಿ ಹಾಕಿದಳು; ಚಿಕ್ಕವಳೆಂದು ಕ್ಷಮಿಸಿದೆ.

ಅಸಾಕುಸಾದ ದೊಡ್ಡ ದೇವಾಲಯದಲ್ಲಿ ಎಲ್ಲರೂ ಅಂಗಡಿಸಾಲಿನತ್ತ ತಿರುಗಿದರು. ನನಗೆ ಪಕ್ಕದ ದಿಬ್ಬದ ಮೇಲೆ ಚಿಕ್ಕ ಗುಡಿಯೊಂದು ಕಂಡಿತು. ಹತ್ತಿ, ಅಲ್ಲಿದ್ದ ಇಂಗ್ಲಿಷ್ ಫಲಕ ಓದಿದೆ. ಇವರು ಬೆಂಟೆನ್ ಎನ್ನುವುದು ನಮ್ಮ ಸರಸ್ವತಿಯನ್ನೇ; ಅದರಲ್ಲೂ ಇಲ್ಲಿಯವಳಿಗೆ ತಲೆ ನರೆತಿದೆಯಂತೆ. ನಮ್ಮಲ್ಲಿ ಎಂದೂ ಮುಪ್ಪು ಕಾಣದ ತಾಯಿ ಇಲ್ಲಿಗೆ ಬಂದು ಮುದುಕಿಯಾಗಿದ್ದಳು. ಬಾಗಿಲು ಮುಚ್ಚಿತ್ತು. ಪಾದರಕ್ಷೆ ಕಳಚಿ ಕೈಮುಗಿದು ನಿಂತೆ.

ಕಿವಿಯಲ್ಲಿ ದನಿ ಬಂತು: “ನಮ್ಮ ಅತಿಥಿಯೊಬ್ಬರು ಕಾಣುತ್ತಿಲ್ಲ. ಬಿಳಿ ಪಂಚೆ, ಕಂದು ಕೋಟು. ಯಾರಾದರೂ ನೋಡಿದಿರಾ?”

“ಇಲ್ಲೇ ಇದ್ದೇನಮ್ಮ, ಸರಸ್ವತಿಯ ಹತ್ತಿರ,” ಎಂದೆ. ಅವಳು ಮತ್ತೆ ಅದನ್ನೇ ಕೇಳಿದಳು. ಇನ್ನೂ ಗಟ್ಟಿಯಾಗಿ ಹೇಳಿದೆ. ಪಾರಿವಾಳಗಳು ಹಾರಿದವೇ ಹೊರತು ಉತ್ತರ ಬರಲಿಲ್ಲ. ಯಂತ್ರಕ್ಕೆ ಕೇಳಿಸುವುದು ಮಾತ್ರ ಗೊತ್ತು, ಕೇಳುವುದು ಗೊತ್ತಿಲ್ಲ ಎಂಬುದು ಆಗ ಹೊಳೆಯಿತು. ಬೆಳಗಿನಿಂದ ನಾನು ಆಡಿದ್ದೆಲ್ಲ ನನ್ನ ಕೋಟಿನ ಗುಂಡಿಗಳಿಗೆ ಉಪದೇಶವಾಗಿತ್ತು.

ಕೂಡಲೇ ಇಳಿದು ಹೋಗಬೇಕಿತ್ತು. ಹೋಗಲಿಲ್ಲ. “ನಿಧಾನವಾಗಿ ನಡೆಯುತ್ತಾರೆ. ಬಿಸಿಲಿದೆ, ಅವರಿಗೆ ಬಾಯಾರಿರಬಹುದು,” ಎನ್ನುತ್ತಿತ್ತು ದನಿ. ಈ ಊರಿಗೆ ಬಂದಂದಿನಿಂದ ನಾನು ಎಲ್ಲಿದ್ದೇನೆಂದು ಯಾರೂ ಕೇಳಿರಲಿಲ್ಲ. ಎಲ್ಲಿದ್ದೇನೆಂದು ಎಲ್ಲರಿಗೂ ಗೊತ್ತಿತ್ತು. ಹುಡುಕಿಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಕಣ್ಣು ಮುಚ್ಚಿ ಇನ್ನಷ್ಟು ಹೊತ್ತು ಕೇಳಿದೆ. ನೋಡಿದವರು ಧ್ಯಾನವೆಂದೇ ತಿಳಿದಿರಬೇಕು.

ಮಿಹೋ-ಸಾನ್ ಏದುಸಿರು ಬಿಡುತ್ತ ಮೇಲೆ ಬಂದು ಸೊಂಟದವರೆಗೆ ಬಾಗಿದಳು. “ಸುಮಿಮಾಸೆನ್. ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ.” ಬೈದಿದ್ದರೆ ಎಷ್ಟೋ ಮೇಲಾಗಿತ್ತು. ನಾನೂ ಬಾಗಿ ಕ್ಷಮೆ ಕೇಳಿದೆ. ಅವಳು, “ಇಲ್ಲಿ ಏನು ನೋಡುತ್ತಿದ್ದಿರಿ?” ಎಂದಳು.

ಕೇಳಬಾರದಿತ್ತು. ದಿಬ್ಬ ಇಳಿದು ಗುಂಪನ್ನು ಸೇರಿದ ಮೇಲೂ ನಾನು ಅವಳ ಪಕ್ಕದಲ್ಲೇ ನಡೆಯುತ್ತ ವೇದಕಾಲದ ಸರಸ್ವತಿ ನದಿಯಿಂದ ಆರಂಭಿಸಿ ವೀಣೆಯವರೆಗೆ ಬಂದೆ. ಅವಳು “ಹೈ, ಹೈ” ಎಂದು ತಲೆದೂಗುತ್ತಿದ್ದಳು. ತಿರುಗಿ ನೋಡಿದರೆ ಹಿಂದಿನವರು ಒಬ್ಬೊಬ್ಬರಾಗಿ ಇಯರ್‌ಫೋನ್ ಕಿತ್ತು ಜೇಬಿಗೆ ಸೇರಿಸುತ್ತಿದ್ದಾರೆ. ನಾಗಪುರದಿಂದ ಬಂದಿದ್ದ ಹೆಂಗಸೊಬ್ಬರು ಹತ್ತಿರ ಬಂದು, “ಅಂಕಲ್, ಅವರ ಮೈಕ್ ಆನ್ ಇದೆ. ನಿಮ್ಮ ಸರಸ್ವತಿ ಮುಗಿದಿದ್ದರೆ, ಟಾಯ್ಲೆಟ್ ಎಲ್ಲಿದೆ ಅಂತ ಸ್ವಲ್ಪ ಹೇಳಿಸ್ತೀರಾ?” ಎಂದರು.

ಮಿಹೋ-ಸಾನ್ ದಾರಿ ಹೇಳಿದಳು. ಎಲ್ಲರೂ ಅತ್ತ ಹೋದ ಮೇಲೆ ಮೈಕನ್ನು ಆರಿಸಿ, ನನ್ನತ್ತ ತಿರುಗಿ, “ಆಮೇಲೆ?” ಎಂದಳು. ಯಂತ್ರವಿಲ್ಲದೆ, ನನ್ನೊಬ್ಬನನ್ನೇ ನೋಡುತ್ತ ಕೇಳಿದಳು. ಇಷ್ಟು ದಿನ ಇದಕ್ಕಾಗಿಯೇ ಕಾದಿದ್ದ ವಿದ್ವಾಂಸನಿಗೆ ಮುಂದಿನ ಒಂದು ಮಾತೂ ನೆನಪಾಗಲಿಲ್ಲ. ಕಣ್ಣಿಗೆ ಧೂಳು ಬಿತ್ತೆಂದು ಕರವಸ್ತ್ರ ತೆಗೆದೆ. ಟೋಕಿಯೊದಲ್ಲಿ ಧೂಳೇ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು.

ಆ ಮಗುವಿಗೆ ದೀರ್ಘಾಯುಷ್ಯವಾಗಲಿ. ಬಿಸಿಲಲ್ಲಿ ನನಗಾಗಿ ಕಾದವರಿಗೂ, ಇಯರ್‌ಫೋನ್ ಕಿತ್ತು ಜೇಬಿಗಿಟ್ಟ ಬುದ್ಧಿವಂತರಿಗೂ, ಸಕಾಲದಲ್ಲಿ ಎಚ್ಚರಿಸಿದ ನಾಗಪುರದ ತಾಯಿಗೂ ಶುಭವಾಗಲಿ. ಅವರೆಲ್ಲರ ಮುಪ್ಪಿನಲ್ಲಿ, ಎಲ್ಲಿದ್ದೀರಿ ಎಂದು ಕೇಳುವ ದನಿಯೊಂದು ಸದಾ ಇರಲಿ. ಅದಕ್ಕೆ ಅವರು ನನಗಿಂತ ಬೇಗ ಓಗೊಡಲಿ.