ಎಡಗಡೆಯ ಬೆಂಕಿಗೂಡು

ಬೆಂಕಿಗೂಡು ಎಡಕ್ಕಿರಲೋ ಬಲಕ್ಕಿರಲೋ ಎಂದು ವೆಲ್ಡರ್ ಕೇಳಿದಾಗ ಲೋವೆಲ್ ಹ್ರುಷ್ಕಾ ಬೇರೆ ಯಾವುದೋ ಸಿಟ್ಟಿನಲ್ಲಿದ್ದ. ಯಾರೋ ಪುಣ್ಯಾತ್ಮ ತನ್ನ ಟ್ರಕ್ಕನ್ನು ಲೋವೆಲ್‌ನ ಟ್ರಕ್ಕಿಗೆ ಅಡ್ಡ ನಿಲ್ಲಿಸಿ ಹೋಗಿದ್ದ. ಅವನನ್ನು ಹುಡುಕಿ ಬೈಯುವ ಅವಸರದಲ್ಲಿ "ಎಡಕ್ಕೆ" ಎಂದುಬಿಟ್ಟ.

ಅದಕ್ಕೆ ಮೊದಲು ಏಳು ತಿಂಗಳು ಅವನು ಮಾಂಸವನ್ನು ಹೊಗೆಯಲ್ಲಿ ನಿಧಾನ ಬೇಯಿಸುವ ಹೊಗೆಒಲೆ ಆರಿಸುತ್ತಿದ್ದ. ಅರ್ಲೀನ್‌ಳನ್ನು ಹೆಂಡತಿಯಾಗಿ ಆರಿಸಲು ಅವನಿಗೆ ಎರಡು ವಾರ ಸಾಕಾಗಿತ್ತು. ಇದನ್ನು ಅರ್ಲೀನಳೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಅಂಗಡಿಯ ತೆಳು ತಗಡಿನ ಒಲೆಗಳನ್ನು ಅವನು ಬೂಟಿನ ತುದಿಯಿಂದ ಒದ್ದು "ಬಿಸ್ಕತ್ತಿನ ಡಬ್ಬಿ" ಎಂದು ಹೊರಬಂದಿದ್ದ. ಕೊನೆಗೆ ಹಳೆಯ ಗ್ಯಾಸ್ ಟ್ಯಾಂಕನ್ನು ಅಡ್ಡ ಮಲಗಿಸಿ, ಬಾಗಿಲು ಕೊರೆದು, ಒಂದು ತುದಿಗೆ ಬೆಂಕಿಗೂಡು, ಇನ್ನೊಂದು ತುದಿಗೆ ಚಿಮಣಿ ಬೆಸೆಯುವ ವೆಲ್ಡರನೊಬ್ಬ ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿದ. ಕಬ್ಬಿಣದ ದಪ್ಪ, ಚಿಮಣಿಯ ಎತ್ತರ, ಬಾಗಿಲ ಸಂದು, ಎಲ್ಲವನ್ನೂ ಲೋವೆಲ್ ಅಳೆದಿದ್ದ. ಅಳೆಯದೆ ಉತ್ತರ ಕೊಟ್ಟದ್ದು ಆ ಒಂದೇ ಪ್ರಶ್ನೆಗೆ.

ಟ್ರಾಕ್ಟರಿನಲ್ಲಿ ತಂದು ಹಿತ್ತಿಲಿನ ಗ್ಯಾರೇಜು ಗೋಡೆಗೆ ಒರಗಿಸಿದ ಮೇಲೆ ತಪ್ಪು ಕಣ್ಣಿಗೆ ಹೊಡೆಯಿತು. ಎಡಗಡೆಯ ಬೆಂಕಿಗೂಡು ನೇರವಾಗಿ ತಂತಿಬೇಲಿಯ ಪಕ್ಕ ಬಂದಿತ್ತು. ಬೇಲಿ ಸೊಂಟದೆತ್ತರ. ಬೇಲಿಯ ಆಚೆ ಓಣಿ. ಚರ್ಚಿಗೆ, ಅಂಚೆ ಕಚೇರಿಗೆ, ಬೇಕರಿಗೆ ಇಡೀ ಊರು ನಡೆದಾಡುವ ಓಣಿ. ತಿರುಗಿಸಿ ಇಡೋಣವೆಂದರೆ ಮಾಂಸದ ಬಾಗಿಲು ಗೋಡೆಗೆ ಮುಖ ಮಾಡುತ್ತದೆ. ಒಲೆಯ ತೂಕ ಎಂಟುನೂರು ಪೌಂಡು. ಟ್ರಾಕ್ಟರಿನವನು ಆಗಲೇ ಹೊರಟುಹೋಗಿದ್ದ.

ಟೆಕ್ಸಸ್ಸಿನ ಆ ಊರಲ್ಲಿ ಹೊಗೆ ಕಾಣುವ ಒಲೆಯ ಪಕ್ಕ ಸುಮ್ಮನೆ ಹಾದುಹೋದ ಮನುಷ್ಯ ಇನ್ನೂ ಹುಟ್ಟಿಲ್ಲ. ಬಾಣಂತಿಯ ಮನೆಗೆ ಮಗು ನೋಡಲು ಬಂದವರ ಹಾಗೆ ಹೊದಿಕೆ ಸರಿಸಿ ನೋಡಲೇಬೇಕು, "ಸ್ವಲ್ಪ ಕಪ್ಪು" ಎಂದೋ "ಸ್ವಲ್ಪ ಸಣ್ಣ" ಎಂದೋ ಹೇಳಲೇಬೇಕು.

ಆ ಶನಿವಾರ ಬೆಳಿಗ್ಗೆ ಐದಕ್ಕೆ ಲೋವೆಲ್ ಓಕ್ ಸೌದೆಗೆ ಬೆಂಕಿ ಹಚ್ಚಿದ. ಅರ್ಲೀನ್ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು.

"ಇವತ್ತೊಂದು ದಿನ, ಲೋವೆಲ್. ಒಂದೇ ದಿನ. ಯಾರು ಏನಂದ್ರೂ ನಗಬೇಕು, ಥ್ಯಾಂಕ್ಸ್ ಅನ್ನಬೇಕು."

"ಪಕ್ಕದ ಮನೆ ಡೆಲ್ಬರ್ಟ್ ಬಂದ್ರೆ?"

"ಡೆಲ್ಬರ್ಟಣ್ಣ ಬಂದ್ರೂನೂ. ಹನ್ನೊಂದು ವರ್ಷದಲ್ಲಿ ಎರಡು ಸಲ ಜಾಗ ಖಾಲಿ ಆಯ್ತು. ಎರಡು ಸಲಾನೂ ನಿನ್ನ ಬಿಟ್ರು. ಯಾಕೆ ಅಂತ ಯೋಚ್ನೆ ಮಾಡಿದೀಯಾ? ಹದಿನಾಲ್ಕು ಗಂಟೆ ನಿನ್ನ ಮೂತಿ ಪಕ್ಕ ಯಾರು ನಿಲ್ತಾರೆ?"

ಜಾಗವೆಂದರೆ ಚರ್ಚಿನ ಬೇಸಿಗೆ ಪಿಕ್ನಿಕ್ಕಿಗೆ ಮಾಂಸ ಬೇಯಿಸುವ ಬೆಂಕಿಯ ಪಾಳಿಯಲ್ಲಿ ಒಂದು ಸ್ಥಾನ. ಹನ್ನೆರಡೇ ಜನ. ಒಬ್ಬ ಸತ್ತರೆ ಮಾತ್ರ ಇನ್ನೊಬ್ಬ. ಲೋವೆಲ್‌ನ ಅಜ್ಜ ಆ ಹನ್ನೆರಡರಲ್ಲಿದ್ದ, ಅಪ್ಪ ಇದ್ದ. ಪಿಕ್ನಿಕ್ಕಿನ ದಿನ ತಗಡಿನ ಚಪ್ಪರದ ಕೆಳಗೆ ಆ ಹನ್ನೆರಡು ಜನ ನಿಂತಿರುವಾಗ ಲೋವೆಲ್ ಮಾತ್ರ ಊಟದ ಸಾಲಿನಲ್ಲಿ ಕಾಗದದ ತಟ್ಟೆ ಹಿಡಿದು ನಿಲ್ಲುತ್ತಿದ್ದ. ಐವತ್ತೆರಡು ವರ್ಷದ ಗಂಡಸು, ತಟ್ಟೆ ಹಿಡಿದು. ಈ ಸಲ ಮುದುಕ ಅಲ್ಫೋನ್ಸ್ ತೀರಿಕೊಂಡಿದ್ದ. ಪಾಳಿಯ ಹಿರಿಯ ಎಮಿಲ್ ಬಾರ್ಟೋಷ್ ಇನ್ನಿಬ್ಬರ ಜೊತೆ ಸಂಜೆ ಆರಕ್ಕೆ ರುಚಿ ನೋಡಲು ಬರುವವನಿದ್ದ.

"ಆಯ್ತು, ನಗ್ತೀನಿ," ಎಂದು ಲೋವೆಲ್ ಹಲ್ಲು ತೋರಿಸಿದ.

"ಅದು ನಗು ಅಲ್ಲ. ಪರವಾಗಿಲ್ಲ, ದೂರದಿಂದ ಹಾಗೇ ಕಾಣತ್ತೆ," ಎಂದು ಅರ್ಲೀನ್ ಒಳಗೆ ಹೋದಳು.

ಹನ್ನೆರಡು ಪೌಂಡಿನ ಬ್ರಿಸ್ಕೆಟ್, ಅಂದರೆ ದನದ ಎದೆಯ ಇಡೀ ಹಾಳೆ, ಉಪ್ಪು ಮೆಣಸು ಮೆತ್ತಿಕೊಂಡು ಜಾಲರಿಯ ಮೇಲೆ ಮಲಗಿತು. ಒಲೆಯ ಉಷ್ಣಮಾಪಕದ ಮುಳ್ಳು ಇನ್ನೂರೈವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ನಿಂತಿತು. ತೆಳು ನೀಲಿ ಹೊಗೆ ಚಿಮಣಿಯಿಂದ ಮೇಲೇರಿತು. ಒಂದೂವರೆ ಗಂಟೆ ಲೋವೆಲ್ ಸುಖವಾಗಿದ್ದ. ಅವನ ಮಟ್ಟಿಗೆ ಅದೇ ದಾಖಲೆ.

ಆರೂವರೆಗೆ ಬೇಲಿಯ ಆಚೆ ಡೆಲ್ಬರ್ಟನ ಟೋಪಿ ಕಾಣಿಸಿತು. ಡೆಲ್ಬರ್ಟ್ ನಿವೃತ್ತ ಲೈನ್‌ಮನ್. ಪಶ್ಚಿಮದ ಬಯಲಿನಿಂದ ಬಂದವನಾದ್ದರಿಂದ ಮೆಸ್ಕೀಟ್ ಜಾಲಿಯ ಸೌದೆಯೊಂದೇ ಸೌದೆ ಎಂಬ ನಂಬಿಕೆ ಅವನದು. ಕಂಕುಳಲ್ಲಿ ಎರಡು ತುಂಡಿದ್ದವು.

"ಏನಯ್ಯ, ಓಕ್ ಹಾಕಿದೀಯ? ಆಸ್ಪತ್ರೆ ಊಟ ಮಾಡ್ತಿದೀಯಾ?"

"ಓಕ್ ಸೌದೇನೇ ಚೆನ್ನಾಗಿರತ್ತೆ, ಡೆಲ್ಬರ್ಟಣ್ಣ."

"ಚೆನ್ನಾಗಿರತ್ತೆ, ಜ್ವರ ಬಂದೋರಿಗೆ." ಡೆಲ್ಬರ್ಟ್ ಬೇಲಿಯ ಮೇಲಿಂದ ಕೈ ಚಾಚಿ ಬೆಂಕಿಗೂಡಿನ ಬಾಗಿಲು ತೆಗೆದು ಎರಡೂ ತುಂಡನ್ನು ಒಳಗೆ ತಳ್ಳಿದ. ಕೈ ಚಾಚಿದ್ದು ಒಂದೂವರೆ ಅಡಿ. ಬಲಕ್ಕಿದ್ದಿದ್ದರೆ ಹದಿನೈದು ಅಡಿ ಆಗುತ್ತಿತ್ತು ಎಂದು ಲೋವೆಲ್ ಲೆಕ್ಕ ಹಾಕಿದ. ಮುಳ್ಳು ಮುನ್ನೂರನಲವತ್ತಕ್ಕೆ ಹಾರಿತು. ಲೋವೆಲ್‌ನ ಕತ್ತಿನ ನರವೂ ಅದರ ಜೊತೆಗೇ ಎದ್ದಿತು. ಅಡುಗೆಮನೆಯ ಕಿಟಕಿಯಲ್ಲಿ ಅರ್ಲೀನ್‌ಳ ಮುಖ ಕಾಣಿಸಿತು.

"ಥ್ಯಾಂಕ್ಸ್, ಡೆಲ್ಬರ್ಟಣ್ಣ," ಎಂದ. ಹಲ್ಲುಗಳ ನಡುವಿನಿಂದ ಆ ಮಾತು ಸಾಣೆ ಹಿಡಿಸಿಕೊಂಡು ಹೊರಬಂತು.

ಎಂಟಕ್ಕೆ ಆಲ್ಬೀನಾ ಅತ್ತೆ ಬಂದಳು. ಅರ್ಲೀನ್‌ಳ ಸೋದರತ್ತೆ, ಎಂಬತ್ತೊಂದು ವರ್ಷ, ಕೈಯಲ್ಲಿ ವಿನೆಗರ್ ತುಂಬಿದ ಪಿಚಕಾರಿ ಬಾಟಲಿ. ಅವಳು ಬೇಲಿಯಿಂದ ಕೈ ಚಾಚುವ ಪೈಕಿ ಅಲ್ಲ. ಗೇಟು ತೆಗೆದು ಸೀದಾ ಬಂದು ಮಾಂಸದ ಮೇಲಿನ ದೊಡ್ಡ ಮುಚ್ಚಳವನ್ನೇ ಎತ್ತಿದಳು. ಮೂರು ಗಂಟೆಯ ಬಿಸಿ ಆಕಾಶಕ್ಕೆ ಹೋಯಿತು.

"ಅಯ್ಯೋ, ಕೊಬ್ಬು ಮೇಲಿದೆಯಲ್ಲೋ!"

"ಮೇಲೇ ಇರಬೇಕು, ಅತ್ತೆ. ಕರಗಿ ಕೆಳಗಿಳಿಯತ್ತೆ."

"ನಿಮ್ಮಪ್ಪ ಕೆಳಗೆ ಮಾಡಿ ಇಡ್ತಿದ್ದ. ನಿಮ್ಮಪ್ಪನಿಗಿಂತ ನೀನು ದೊಡ್ಡವನಾ?"

ಅಪ್ಪನೂ ಮೇಲೇ ಇಡುತ್ತಿದ್ದ. ಆಲ್ಬೀನಾ ಅತ್ತೆ ಒಮ್ಮೆಯೂ ಆ ಚಪ್ಪರದ ಒಳಗೆ ಕಾಲಿಟ್ಟಿರಲಿಲ್ಲ. ಆದರೆ ಕಿಟಕಿಯಲ್ಲಿ ಮುಖವಿತ್ತು. ಲೋವೆಲ್ ಮಾಂಸವನ್ನು ಮಗುಚಿದ. ಅತ್ತೆ ವಿನೆಗರ್ ಹೊಡೆದಳು, ಅರ್ಧ ಮಾಂಸಕ್ಕೆ, ಅರ್ಧ ಲೋವೆಲ್‌ನ ಅಂಗಿಗೆ.

"ಥ್ಯಾಂಕ್ಸ್, ಅತ್ತೆ."

"ನಿನಗೇನಾಗಿದೆಯೋ? ಹುಷಾರಿಲ್ವಾ?" ಎಂದು ಅವಳು ಅವನ ಹಣೆ ಮುಟ್ಟಿ ನೋಡಿದಳು. "ಬಿಸಿ ಇದೆ."

ಒಂಬತ್ತರಿಂದ ಹನ್ನೊಂದರ ಒಳಗೆ ಒಂಬತ್ತು ಜನ ಮುಚ್ಚಳ ಎತ್ತಿದರು. ಒಂದು ಸಲ ಎತ್ತಿದರೆ ಕಾಲು ಗಂಟೆಯ ಬಿಸಿ ಹೋಗುತ್ತದೆಂಬುದು ಅವರಲ್ಲಿ ಪ್ರತಿಯೊಬ್ಬನಿಗೂ ಗೊತ್ತು; ತನ್ನ ಮನೆಯಲ್ಲಿ ಬೇರೆಯವರು ಎತ್ತಿದರೆ ಬಂದೂಕು ತರುವ ಜನವೇ. ಅಂಚೆಯವಳು ಒಂದು ಕೈಯಲ್ಲಿ ಪತ್ರ ಕೊಟ್ಟು ಇನ್ನೊಂದು ಕೈಯಲ್ಲಿ ಎತ್ತಿದಳು. ಲೋವೆಲ್ ಎಲ್ಲರಿಗೂ ಥ್ಯಾಂಕ್ಸ್ ಅಂದ. ಒಳಗೆ ಅವನು ಒಬ್ಬೊಬ್ಬರನ್ನೂ ಬೇರೆ ಬೇರೆ ರೀತಿಯಲ್ಲಿ ಕೊಲ್ಲುತ್ತಿದ್ದ. ಅಂಚೆಯವಳಿಗೆ ಬಾವಿ, ಬೇಕರಿಯವನಿಗೆ ಹಿಟ್ಟಿನ ಯಂತ್ರ.

ಹನ್ನೊಂದೂವರೆಗೆ ಮಾಂಸದೊಳಗಿನ ಬಿಸಿ ನೂರರವತ್ತಕ್ಕೆ ಬಂದು ನಿಂತುಬಿಟ್ಟಿತು. ಹೊರೆ ಹೊತ್ತ ಕತ್ತೆ ಸೇತುವೆಯ ಮಧ್ಯೆ ನಿಂತ ಹಾಗೆ. ಎಲ್ಲ ಬ್ರಿಸ್ಕೆಟ್ಟೂ ಅಲ್ಲಿ ಹೀಗೆ ಗಂಟೆಗಟ್ಟಲೆ ನಿಲ್ಲುತ್ತದೆ. ಬೆವರುತ್ತದೆ, ಮೊಂಡು ಹಿಡಿಯುತ್ತದೆ, ಆಮೇಲೆ ತಾನಾಗಿ ಏಳುತ್ತದೆ. ಮಾಡಬೇಕಾದ್ದು ಏನೂ ಇಲ್ಲ. ಆ ಊರಿನವರಿಗೆ ಮಾಡಲು ಬಾರದ ಕೆಲಸ ಅದೊಂದೇ.

ಒಂದು ಗಂಟೆಗೆ ಡೀಕನ್ ಶಿಮೆಕ್ ಬಂದ. ಭಾನುವಾರ ಪೂಜೆಯಲ್ಲಿ ಪಾದ್ರಿಗೆ ನೆರವಾಗುವ, ಉಳಿದ ದಿನ ವಿಮೆ ಮಾರುವ, ಎಲ್ಲಿ ನಿಂತರೂ ಆಶೀರ್ವಾದ ಮಾಡುವವನಂತೆ ಕೈ ಎತ್ತಿಕೊಂಡಿರುವ ಮನುಷ್ಯ. ಗೋಡೆಗೆ ಒರಗಿದ ಒಲೆಗೆ ಅರ್ಧ ಪ್ರದಕ್ಷಿಣೆ ಹಾಕಿ, ಎತ್ತಿದ ಕೈಯಿಂದ ಚಿಮಣಿಯ ಬಾಯಿಯ ತಗಡಿನ ಬಿಲ್ಲೆಯನ್ನು ಪೂರ್ತಿ ಮುಚ್ಚಿದ.

"ಬಿಸಿ ಎಲ್ಲ ಆಚೆ ಹೋಗ್ತಿದೆ, ಲೋವೆಲ್. ಮುಚ್ಚಿಡಬೇಕು."

ಹೊಗೆಗೆ ದಾರಿಯಿಲ್ಲದಿದ್ದರೆ ಬೆಂಕಿ ಸಾಯುತ್ತದೆ, ಮಾಂಸ ಡಾಂಬರಿನ ರುಚಿಗೆ ತಿರುಗುತ್ತದೆ ಎಂಬುದು ಮೂರು ವರ್ಷದ ಮಗುವಿಗೂ ತಿಳಿದ ವಿಷಯ. ಬಾಗಿಲ ಸಂದಿನಿಂದ ಹಳದಿ ಹೊಗೆ ಉಕ್ಕಿತು. ಲೋವೆಲ್ ಕೈಯನ್ನು ಜೇಬಿಗೆ ತುರುಕಿದ. ಜೇಬಿನ ಹೊಲಿಗೆ ಬಿಟ್ಟ ಸದ್ದು ಡೀಕನ್ನಿಗೂ ಕೇಳಿಸಿತು.

"ಏನಾದ್ರೂ ಅಂದ್ಯಾ?" ಎಂದು ಡೀಕನ್ ಬಹಳ ಆಸೆಯಿಂದ ಕೇಳಿದ.

"ಥ್ಯಾಂಕ್ಸ್, ಡೀಕನ್ ಸಾರ್."

ಡೀಕನ್ ಅವನನ್ನೇ ಒಂದು ಕ್ಷಣ ನೋಡಿ, ತಲೆಯಾಡಿಸಿ, ಬೇಲಿಯ ಬಳಿ ಹೋಗಿ ನಿಂತ. ಅವನು ಬೆನ್ನು ತಿರುಗಿಸಿದ ಕೂಡಲೇ ಲೋವೆಲ್ ಬಿಲ್ಲೆ ತೆರೆದ. ಆಗಲೇ ಗೇಟಿನಿಂದ ಒಳಬಂದಿದ್ದ ಡೆಲ್ಬರ್ಟ್ ಅದನ್ನು ಮತ್ತೆ ಮುಚ್ಚಿದ.

ಮೂರಕ್ಕೂ ಮಾಂಸದ ಬಿಸಿ ನೂರರವತ್ತಮೂರರಲ್ಲೇ ಇತ್ತು. ಈಗ ಡೆಲ್ಬರ್ಟ್, ಅತ್ತೆ, ಡೀಕನ್ ಮೂವರೂ ಒಲೆಯ ಮುಂದೆ ಜಮಾಯಿಸಿದ್ದರು. ಬೇಗ ಬೇಯಲು ಮಾಂಸಕ್ಕೆ ಕಾಗದ ಸುತ್ತಬೇಕೆಂದು ಒಬ್ಬ, ಅಲ್ಯೂಮಿನಿಯಂ ಹಾಳೆ ಸುತ್ತಬೇಕೆಂದು ಇನ್ನೊಬ್ಬ.

"ಎರಡೂ ಬೇಡ," ಎಂದಳು ಆಲ್ಬೀನಾ ಅತ್ತೆ. "ನನ್ನ ಓವನ್ನಿಗೆ ಹಾಕೋಣ. ಎರಡು ಗಂಟೆ. ಯಾರಿಗೂ ಗೊತ್ತಾಗಲ್ಲ."

ಓಣಿಯಲ್ಲಿ ಹೋಗುತ್ತಿದ್ದವರು ನಿಂತು ತಿರುಗಿ ನೋಡಿದರು. ಓವನ್. ಬ್ರಿಸ್ಕೆಟ್ ಓವನ್ನಿನಲ್ಲಿ ಬೇಯಿಸಿದ ಮನೆಯಲ್ಲಿ ಮದುವೆ ಸಂಬಂಧ ಬೆಳೆಸಲೂ ಜನ ಎರಡು ಸಲ ಯೋಚಿಸುತ್ತಾರೆ. ಆದರೆ ಡೆಲ್ಬರ್ಟ್ ಆಗಲೇ ಟ್ರೇ ಹಿಡಿದಿದ್ದ, ಡೀಕನ್ ಮುಚ್ಚಳ ಎತ್ತಿ ಕೇಳಿದ: "ಏನಂತೀಯ, ಲೋವೆಲ್?"

ಲೋವೆಲ್‌ನ ಕಣ್ಣು ಕೆಂಪಾಗಿ, ಕಿವಿ ನೇರಳೆಯಾಗಿ, ತುಟಿ ಬಿಳಿಯಾಗಿತ್ತು. ಅಜ್ಜ, ಅಪ್ಪ, ಹನ್ನೊಂದು ವರ್ಷದ ಕಾಗದದ ತಟ್ಟೆ ಎಲ್ಲವನ್ನೂ ನೆನೆದ. ಅವನು ಬಾಯಿ ತೆರೆದ.

"ಹಿರಿಯರು... ಹೇಳಿದ ಮೇಲೆ..."

ಅಡುಗೆಮನೆಯ ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಡೆಲ್ಬರ್ಟನ ಕೈಯಿಂದ ಟ್ರೇ ಬಿತ್ತು. ಅರ್ಲೀನ್ ಆಲೂಗಡ್ಡೆ ಸಲಾಡು ಮೆತ್ತಿದ ಕೈಯಲ್ಲೇ ಹೊರಬಂದು ಬೂದಿ ಎತ್ತುವ ಸಲಿಕೆಯನ್ನು ಕಿತ್ತುಕೊಂಡಿದ್ದಳು.

"ಯಾರದು ಓವನ್ ಅಂದಿದ್ದು? ಮುಚ್ಚಳ ಬಿಡ್ರೀ ಡೀಕನ್, ಇಲ್ದಿದ್ರೆ ಭಾನುವಾರ ಒಂದೇ ಕೈಲಿ ಆಶೀರ್ವಾದ ಮಾಡಬೇಕಾಗತ್ತೆ! ಡೆಲ್ಬರ್ಟಣ್ಣ, ನಿಮ್ಮ ಮುಳ್ಳು ಕಟ್ಟಿಗೆ ಎತ್ಕೊಂಡು ಎಲ್ಲಿಂದ ಬಂದ್ರೋ ಅಲ್ಲಿಗೇ ಹೋಗಿ! ಬೆಳಿಗ್ಗೆಯಿಂದ ನೋಡ್ತಿದೀನಿ, ಶವದ ಪೆಟ್ಟಿಗೆ ನೋಡೋಕೆ ಬಂದ ಹಾಗೆ ಸಾಲು ಕಟ್ಟಿದೀರಲ್ಲ!"

"ಅರ್ಲೀನ್, ನಾನು ನಿಮ್ಮಪ್ಪನ ಅಕ್ಕ," ಎಂದಳು ಅತ್ತೆ.

"ಅದಕ್ಕೇ ನಿಮಗೆ ಸಲಿಕೆಯ ಹಿಡಿ ತೋರಿಸ್ತಿದೀನಿ. ಬೇರೆಯವರಿಗೆ ಈ ಕಡೆದು. ನಡೀರಿ!"

ಡೀಕನ್ ಬೇಲಿ ಹಾರಿದ. ಅರವತ್ತೆಂಟರ ಡೀಕನ್, ಸೊಂಟದೆತ್ತರದ ಬೇಲಿ; ಪ್ಯಾಂಟಿನ ಒಂದು ತುಂಡು ತಂತಿಯಲ್ಲೇ ಉಳಿಯಿತು. ಒಂದು ನಿಮಿಷದಲ್ಲಿ ಹಿತ್ತಿಲು ಖಾಲಿ. ಅರ್ಲೀನ್ ಚಿಮಣಿ ತೆರೆದು, ಒಂದು ಓಕ್ ತುಂಡು ಹಾಕಿ, ಬಕೆಟ್ಟು ಬೋರಲಿಟ್ಟು ಬೆಂಕಿಗೂಡಿನ ಪಕ್ಕ ಕೂತಳು. ಸಲಿಕೆ ತೊಡೆಯ ಮೇಲೆ.

"ನಾನು ನೋಡ್ಕೋತೀನಿ, ಏಳು," ಎಂದ ಲೋವೆಲ್.

"ನೀನು ಹೋಗಿ ಸ್ನಾನ ಮಾಡು. ಉಪ್ಪಿನಕಾಯಿ ಜಾಡಿ ಹಾಗೆ ನಾರ್ತಿದೀಯ."

ಆಮೇಲೆ ಯಾರೂ ಮುಚ್ಚಳ ಮುಟ್ಟಲಿಲ್ಲ. ಓಣಿಯಲ್ಲಿ ಹೋಗುವವರು ಆಚೆ ಬದಿಗೆ ಸರಿದು ನಡೆದರು. ನಾಲ್ಕರ ಹೊತ್ತಿಗೆ ಮಾಂಸದ ಬಿಸಿ ಮತ್ತೆ ಏರತೊಡಗಿತು. ಐದೂವರೆಗೆ ಮಾಂಸ ಬೆರಳು ತಾಗಿದರೆ ನಡುಗುವ ಹದಕ್ಕೆ ಬಂದಿತ್ತು.

ಆರಕ್ಕೆ ಸರಿಯಾಗಿ ಎಮಿಲ್ ಬಾರ್ಟೋಷ್ ಬಂದ. ಎಂಬತ್ತರ ಹತ್ತಿರದ, ಒಣಗಿದ ಕೊಂಬೆಯಂಥ ಮುದುಕ. ಜೊತೆಯ ಇಬ್ಬರು ಹಿಂದೆ ಟೋಪಿ ಹಿಡಿದು ನಿಂತರು. ಲೋವೆಲ್ ಕೊಯ್ದು ಕೊಟ್ಟ. ಮೂವರೂ ತಿಂದರು. ಬೆರಳು ನೆಕ್ಕಿಕೊಂಡರು.

"ಮಾಂಸ ಚೆನ್ನಾಗಿದೆ," ಎಂದ ಎಮಿಲ್ ದುಃಖದಿಂದ.

ಲೋವೆಲ್ ಒಂದು ಹೆಜ್ಜೆ ಮುಂದೆ ಬಂದ. "ಹಾಗಾದ್ರೆ, ಸಾರ್?"

"ಮಾಂಸ ಯಾರು ಬೇಕಾದ್ರೂ ಬೇಯಿಸ್ತಾರೆ ಕಣೋ. ಅಲ್ಫೋನ್ಸ್ ನಲವತ್ತು ವರ್ಷ ನಮ್ಮ ಜೊತೆ ಇದ್ದ. ಅವನು ಬೇಯಿಸಿದ್ದು ನೋಡಿದೀಯಾ ಯಾವತ್ತಾದ್ರೂ?"

ಲೋವೆಲ್ ಯೋಚಿಸಿದ. ಅಲ್ಫೋನ್ಸ್ ಸ್ಟೂಲಿನ ಮೇಲೆ ಕೂತು ಜನರನ್ನು ಬೈಯುತ್ತಿದ್ದದ್ದು ಮಾತ್ರ ಕಣ್ಣಿಗೆ ಬಂತು.

"ಅರವತ್ತು ಬ್ರಿಸ್ಕೆಟ್, ಎಂಟುನೂರು ಜನ," ಎಂದ ಎಮಿಲ್. "ಎಂಟುನೂರು ಜನಾನೂ ಬಂದು ಮುಚ್ಚಳ ಎತ್ತೋರೇ. ಅಲ್ಫೋನ್ಸ್ ಒಂದು ಸಲ ಬಿಷಪ್ಪರ ಕೈ ಮೇಲೇ ಬಡಿದ. ಅಂಥವನೊಬ್ಬ ಬೇಕು. ನಿನ್ನ ಎರಡು ಸಲ ಯಾಕೆ ಬಿಟ್ವಿ ಗೊತ್ತಾ? ಅವು ಕೊಯ್ಯೋ ಜಾಗ, ಬಡಿಸೋ ಜಾಗ. ಇಷ್ಟು ಕೆಟ್ಟ ಬಾಯೀನ ಅಲ್ಲಿ ಹಾಳು ಮಾಡೋದು ಬೇಡ, ಅಲ್ಫೋನ್ಸ್ ನಂತರಕ್ಕೆ ಇರಲಿ ಅಂತ ಹನ್ನೊಂದು ವರ್ಷ ನಿನ್ನ ಕಾದಿಟ್ವಿ."

"ಸಾರ್..."

"ಇವತ್ತು ಡೀಕನ್‌ನ ನಾವೇ ಕಳಿಸಿದ್ದು. ಚಿಮಣಿ ಮುಚ್ಚು, ಏನ್ ಮಾಡ್ತಾನೆ ನೋಡ್ಕೊಂಡು ಬಾ ಅಂತ. ಥ್ಯಾಂಕ್ಸ್ ಅಂದ್ಯಂತೆ." ಮುದುಕ ತಲೆ ಕೊಡವಿದ. "ನಮಗೆ ನಂಬೋಕೇ ಆಗಲಿಲ್ಲ."

"ಮಿಕ್ಕವರನ್ನೂ ನೀವೇ ಕಳಿಸಿದ್ದಾ?"

"ಅವರನ್ನ ಯಾರು ಕಳಿಸಬೇಕಪ್ಪಾ? ಅವರಾಗೇ ಬಂದ್ರು." ಎಮಿಲ್ ಟೋಪಿ ತೆಗೆದು ಬಕೆಟ್ಟಿನ ಕಡೆ ತಿರುಗಿದ. "ಅರ್ಲೀನಮ್ಮ, ತೊಂಬತ್ತು ವರ್ಷದಲ್ಲಿ ನಾವು ಹೆಂಗಸರನ್ನ ಸೇರಿಸ್ಕೊಂಡಿಲ್ಲ. ಆದ್ರೆ ಡೀಕನ್ ತನ್ನ ಪ್ಯಾಂಟು ತೋರಿಸಿದ ಮೇಲೆ ನಮಗೆ ಮಾತಾಡೋಕೆ ಏನೂ ಉಳಿದಿಲ್ಲ. ಮುಂದಿನ ಶನಿವಾರ ಪಿಕ್ನಿಕ್ಕಿಗೆ ಬಂದು ಆ ಸ್ಟೂಲಲ್ಲಿ ಕೂತ್ಕೋತೀಯಾ?"

ಅರ್ಲೀನ್ ಗಂಡನನ್ನು ನೋಡಿದಳು. ಆಮೇಲೆ ಬೆಂಕಿಯನ್ನು ನೋಡಿದಳು. ಬೆಂಕಿಯನ್ನು ಹೆಚ್ಚು ಹೊತ್ತು ನೋಡಿದಳು.

"ಸ್ಟೂಲಿಗೆ ದಿಂಬು ಇದೆಯಾ?"

"ಹಾಕಿಸೋಣ."

ಆಗ ಲೋವೆಲ್‌ನ ಕಟ್ಟೆ ಒಡೆಯಿತು. ಬೆಳಿಗ್ಗೆ ಐದರಿಂದ ನುಂಗಿದ್ದೆಲ್ಲ, ಡೆಲ್ಬರ್ಟನ ವಂಶ, ಅತ್ತೆಯ ಬಾಟಲಿ, ಅಂಚೆಯವಳ ಕೈ, ಡೀಕನ್ನಿನ ವಿಮೆ, ಪಾಳಿಯ ಹನ್ನೆರಡು ಜನ, ಎಮಿಲನ ಹಲ್ಲಿನ ಸೆಟ್ಟು, ಒಂದೊಂದನ್ನೂ ಹೆಸರಿಟ್ಟು ಕರೆದು, ಉಸಿರಾಡದೆ, ಎರಡು ಓಣಿಯ ನಾಯಿಗಳು ಊಳಿಡುವ ಹಾಗೆ ಬೈದ. ಮೂವರೂ ಕಣ್ಣು ಮುಚ್ಚಿ, ಒಳ್ಳೆಯ ಹಾಡು ಕೇಳುವವರಂತೆ ಕೇಳಿದರು.

"ಎಂಥ ಗಂಟಲು," ಎಂದ ಎಮಿಲ್ ಕಣ್ಣೊರೆಸಿಕೊಂಡು. "ಮಧ್ಯಾಹ್ನ ಇದರಲ್ಲಿ ಕಾಲು ಭಾಗ ತೋರಿಸಿದ್ರೆ ಸಾಕಿತ್ತು. ಈಗ ಆಗಲ್ಲ ಮಗಾ. ಡೀಕನ್ ನಿನ್ನ ಹೆಸರು ಪಿಕ್ನಿಕ್ಕಲ್ಲಿ ಮಕ್ಕಳ ಕೇಕಿನ ಆಟ ನಡೆಸೋಕೆ ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿ ಆಯ್ತು. ಸಿಟ್ಟೇ ಬರದ ಒಬ್ಬ ಮನುಷ್ಯ ಸಿಕ್ಕಿದ ಅಂತ ತಾಯಂದಿರೆಲ್ಲ ಖುಷಿಯಾಗಿದಾರೆ."

ಲೋವೆಲ್ ಕೊಯ್ಯುವ ಚಾಕುವನ್ನು ಮೆಲ್ಲಗೆ ಹಲಗೆಯ ಮೇಲಿಟ್ಟ.

ಗೇಟಿನವರೆಗೆ ಹೋದ ಎಮಿಲ್ ಏನೋ ನೆನಪಾಗಿ ತಿರುಗಿ ನಿಂತ.

"ಕುರ್ಚಿ ಆಟದ ಹಾಗೆ ಹಾಡು ನಿಲ್ಲಿಸೋದು, ಗೆದ್ದ ಮಗುವಿಗೆ ಕೇಕ್ ಕೊಡೋದು, ಅಷ್ಟೇ ಕೆಲಸ. ಸೋತ ಮಗು ಅತ್ತರೆ ಮಾತ್ರ ಎತ್ಕೊಂಡು ಸಮಾಧಾನ ಮಾಡಬೇಕು. ಎಲ್ಲವೂ ಅಳ್ತವೆ."